ಕೋಬಾಲ್ ಪರಿವರ್ತನೆ: ಪೈಸೆ ತಾಳೆಯಾಗಲಿ

ಮಾನ್ಯ ಸಂಪಾದಕರೇ,

ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನೆಲ್ಲ ಎಐ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜಾವಾ ಎಂಬ ಈಚಿನ ಪ್ರೋಗ್ರಾಮಿಂಗ್ ಭಾಷೆಗೆ ಬದಲಿಸಿಕೊಡುತ್ತದೆ ಎಂಬ ನಿಮ್ಮ ಪತ್ರಿಕೆಯ ಲೇಖನ ಓದಿದೆ. ಬದಲಿಸಿಕೊಡುತ್ತದೆ, ಸುಳ್ಳಲ್ಲ. ಬದಲಾದದ್ದು ಹಿಂದಿನಷ್ಟೇ ಬಡ್ಡಿ ಲೆಕ್ಕ ಹಾಕುತ್ತದೆಯೇ ಎಂದು ಮಾತ್ರ ಲೇಖನ ಕೇಳಲಿಲ್ಲ. ಮುಂಬಯಿಯ ಫೋರ್ಟಿನ ಒಂದು ಕಚೇರಿಯಲ್ಲಿ ನಿವೃತ್ತಿಯವರೆಗೂ ಕೋಬಾಲ್ ಬರೆದವನು ನಾನು. ಅದಕ್ಕೇ ಈ ಪತ್ರ.

1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ವ್ಯವಹಾರದ ಲೆಕ್ಕಕ್ಕೆಂದೇ ಹುಟ್ಟಿದ ಭಾಷೆ. ಹಣವನ್ನು ದಶಮಾಂಶದಲ್ಲೇ ಇಡುತ್ತದೆ: ಉದಾಹರಣೆಗೆ ಏಳಂಕಿ ರೂಪಾಯಿ, ಎರಡಂಕಿ ಪೈಸೆ, ಕೂಡು-ಕಳೆ ಚಿಹ್ನೆ, ಎಲ್ಲ ಐದು ಬೈಟಿನಲ್ಲಿ. ಅದನ್ನು ದ್ವಿಮಾನದಲ್ಲಿ (0 ಮತ್ತು 1ರಲ್ಲಿ) ಸಂಖ್ಯೆ ಇಡುವ ಜಾವಾದ ಡಬಲ್‌ಗೆ ಸುರಿದರೆ 0.1ಕ್ಕೆ 0.2 ಕೂಡಿಸಿದಾಗಲೂ ಸರಿಯಾಗಿ 0.3 ಬರುವುದಿಲ್ಲ. ಬಿಗ್‌ಡೆಸಿಮಲ್ ಎಂಬ ದಶಮಾಂಶದ ಮಾದರಿ ಬಳಸಬೇಕು ಎಂಬುದು ಇಂದಿನ ಹುಡುಗರಿಗೂ ಗೊತ್ತು. ಕಾಲು ಜಾರುವುದು ಅದರ ಮುಂದಿನ ಮೆಟ್ಟಿಲಲ್ಲಿ. ಕೋಬಾಲ್‌ನಲ್ಲಿ ‘ರೌಂಡೆಡ್’ ಎಂದು ಬರೆಯದಿದ್ದರೆ ಮಿಕ್ಕ ಅಂಕಿ ಸುಮ್ಮನೆ ಉದುರಿಹೋಗುತ್ತದೆ, 12.347 ಎಂಬ ಬಡ್ಡಿ 12.34 ಆಗುತ್ತದೆ. ಹೊಸ ಪ್ರೋಗ್ರಾಮು ಸದುದ್ದೇಶದಿಂದಲೇ ಅದನ್ನು 12.35 ಮಾಡಿಬಿಟ್ಟರೆ? ಲಕ್ಷ ಖಾತೆಗೆ ಗುಣಿಸಿ ನೋಡಿ. ಹಿಂದಿನವರು ಆ ಪದವನ್ನು ಮರೆತು ಬಿಟ್ಟರೋ, ಬೇಕೆಂದೇ ಬಿಟ್ಟರೋ, ಕೋಡ್ ಬಾಯಿಬಿಡುವುದಿಲ್ಲ.

ನವಿ ಮುಂಬಯಿಯ ಐರೋಲಿಯಲ್ಲಿ ಇಂಥದೇ ಪರಿವರ್ತನೆ ಮಾಡುವ ತಂಡದಲ್ಲಿರುವ ನನ್ನ ತಂಗಿಯ ಮಗಳು ಒಂದು ರಾತ್ರಿ ಫೋನ್ ಮಾಡಿ, “ಮಾವಾ, ಎರಡು ಫೈಲೂ ಸಾರ್ಟ್ ಆಗಿವೆ, ಆದರೂ ರೆಕಾರ್ಡುಗಳು ಮ್ಯಾಚ್ ಆಗ್ತಾ ಇಲ್ಲ” ಎಂದಳು. ಕೋಬಾಲ್ ಓಡುವ ದೊಡ್ಡ ಯಂತ್ರವಾದ ಮೇನ್‌ಫ್ರೇಮಿನ ಅಕ್ಷರ ಸಂಕೇತ ಎಬ್ಸಿಡಿಕ್‌ನಲ್ಲಿ ಸಾರ್ಟ್ ಮಾಡಿದರೆ ಅಕ್ಷರ ಮೊದಲು, ಅಂಕಿ ಆಮೇಲೆ. ಹೊಸ ಯಂತ್ರದ ಸಂಕೇತ ಆಸ್ಕಿಯಲ್ಲಿ ಅಂಕಿಯೇ ಮುಂದೆ. ಒಂದು ಫೈಲು ಹಳೆಯ ಯಂತ್ರದಲ್ಲಿ ಸಾರ್ಟ್ ಆಗಿ ಬಂದಿತ್ತು, ಇನ್ನೊಂದು ಹೊಸದರಲ್ಲಿ. ಪಾಪ, ಪ್ರೋಗ್ರಾಮಿನ ಒಂದು ಸಾಲೂ ತಪ್ಪಿರಲಿಲ್ಲ.

ಇನ್ನು ವೈಟುಕೆ ಕಾಲದಲ್ಲಿ, ಅಂದರೆ 2000ನೇ ಇಸವಿ ಬಂದಾಗ ಎರಡಂಕಿಯ ವರ್ಷ ಗೊಂದಲವಾಗದಿರಲೆಂದು, ನಾವು ಹಾಕಿದ ತೇಪೆಗಳು. ಎರಡಂಕಿಯ ವರ್ಷ 50ಕ್ಕಿಂತ ಕಡಿಮೆಯಿದ್ದರೆ ಹಿಂದೆ 20 ಸೇರಿಸು, ಇಲ್ಲದಿದ್ದರೆ 19. ಸಾಲದ ಕಂತಿಗೆ ಇದು ಸರಿ. ಜನ್ಮದಿನಾಂಕಕ್ಕೆ ಬೇರೆ ಗೆರೆ ಎಳೆದಿದ್ದೆವು. ಎರಡೂ ಒಂದೇ ಎಂದು ಯಾರಾದರೂ ಒಟ್ಟುಮಾಡಿದರೆ 1948ರ ಪಿಂಚಣಿದಾರ ಅಜ್ಜ 2048ರಲ್ಲಿ ಹುಟ್ಟುತ್ತಾನೆ! ಏಕೆ ಬೇರೆ ಎಂಬುದನ್ನು ಏಳನೇ ಕಾಲಮ್ಮಿನಲ್ಲಿ ನಕ್ಷತ್ರ ಹಾಕಿ ಟಿಪ್ಪಣಿಯಾಗಿ ಬರೆದಿಡುತ್ತಿದ್ದೆವು. ಓಡುವ ಕೋಡ್ ಅಲ್ಲವೆಂದು ಅದನ್ನೇ ಮೊದಲು ಕಸಕ್ಕೆ ಹಾಕುವವರಿದ್ದಾರೆ.

ಹಳೆಯದನ್ನು ಹಾಗೇ ಇಟ್ಟುಕೊಳ್ಳಿ ಎನ್ನುತ್ತಿಲ್ಲ. ಬಲ್ಲವರು ಕಡಿಮೆಯಾಗುತ್ತಿದ್ದಾರೆ, 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿಯವರೇ ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಬಹಿರಂಗವಾಗಿ ಕೇಳಬೇಕಾಯಿತು. ಆದರೆ ಹಳೆಯ ಯಂತ್ರ ನಿಲ್ಲಿಸುವ ಮೊದಲು ಎರಡನ್ನೂ ಜೊತೆಯಲ್ಲಿ ಓಡಿಸಬೇಕು, ಒಂದು ತಿಂಗಳ ಕೊನೆಗಷ್ಟೇ ಅಲ್ಲ, ಮಾರ್ಚ್ 31ರ ವರ್ಷಾಂತ್ಯಕ್ಕೂ. ಪ್ರತಿ ಖಾತೆಯ ಪೈಸೆ ತಾಳೆ ನೋಡಬೇಕು. ಗುತ್ತಿಗೆಗಳಲ್ಲಿ ಕೋಡಿನ ಸಾಲಿಗೆ ಇಷ್ಟು ಎಂದು ದರ ಕಟ್ಟುವವರು ಈ ತಾಳೆಯ ಕೆಲಸಕ್ಕೂ ಹಣ ತೆಗೆದಿಡಲಿ.

— ನಿವೃತ್ತ ಪ್ರೋಗ್ರಾಮರ್, ಡೊಂಬಿವಲಿ ಪೂರ್ವ