ಬೀಳ್ಕೊಡುಗೆಯಲ್ಲಿ ನಗಲಿ ಬಿಡಿ

ಮಾನ್ಯ ಸಂಪಾದಕರೇ,

ಬೀಳ್ಕೊಡುಗೆಯಲ್ಲಿ ಮಕ್ಕಳು ಮೇಷ್ಟ್ರುಗಳನ್ನು ತಮಾಷೆ ಮಾಡಬಾರದು ಎಂದು ಮೊನ್ನೆ ಓದುಗರೊಬ್ಬರು ಬರೆದಿದ್ದರು. ನಾನು ಗಣಿತ ಟೀಚರ್. ಈ ಸಲ ನಮ್ಮ ಹೈಸ್ಕೂಲಿನ ಕೊನೇ ವರ್ಷದವರು ವೇದಿಕೆ ಮೇಲೆ 'ಉಯಿಲು' ಓದಿದರು. ಕಾಲು ಅಲ್ಲಾಡುವ ಹಿಂದಿನ ಬೆಂಚು ಕಿರಿಯರಿಗೆ, ಅದರಡಿ ಮಡಚಿಟ್ಟ ಹಳೇ ಪ್ರಶ್ನೆಪತ್ರಿಕೆ ಸಮೇತ. 10 ನಿಮಿಷ ಹಿಂದೆ ಓಡುವ ಗಡಿಯಾರ ತಡವಾಗಿ ಬರುವವರಿಗೆ. ನನ್ನ 'ಇದೊಂದೇ ಲೆಕ್ಕ, ಆಮೇಲೆ ಬಿಡ್ತೀನಿ' ಮಾತ್ರ ಯಾರಿಗೂ ಬೇಡವಂತೆ! ಇಡೀ ಹಾಲ್ ನಕ್ಕಿತು. ನನಗೂ ನಗು ಬಂತು, ಕಿವಿ ಸ್ವಲ್ಪ ಬಿಸಿಯಾಗಿದ್ದೂ ನಿಜ. ಆದರೆ ಇಷ್ಟು ಗಮನವಿಟ್ಟು ನನ್ನ ಮಾತು ಕೇಳಿದ್ದಾರಲ್ಲ, ಅಷ್ಟೇ ಸಾಕಲ್ವಾ? ರೂಪ, ಬಣ್ಣ ಎತ್ತಿ ಆಡಿಕೊಂಡರೆ ತಡೆಯೋಣ. ಉಳಿದದ್ದಕ್ಕೆಲ್ಲ ಸುಮ್ನೆ ನಿಯಮ ಯಾಕೆ? ಆ ಉಯಿಲು ಈಗ ನನ್ನ ಹಾಜರಿ ಪುಸ್ತಕದಲ್ಲಿದೆ. ಮೂರು ಕಾಗುಣಿತ ತಪ್ಪು ತಿದ್ದಿಟ್ಟಿದ್ದೇನೆ.

– ಒಬ್ಬ ಗಣಿತ ಶಿಕ್ಷಕಿ