ಅನುವಿಗೆ, ಒಂದು ಧಾರಾವಾಹಿಯ ವಿಚಾರ

ಪ್ರೀತಿಯ ಅನು,

ಆಶೀರ್ವಾದಗಳು. ‘ದಿ ವೈರ್’ ಎರಡು ಸೀಸನ್ ನೋಡಿ ನಿಲ್ಲಿಸಿದೆ, ಪೊಲೀಸರು, ರಾಜಕಾರಣಿಗಳು ಎಲ್ಲರೂ ಕಳ್ಳರೇ ಅಂತ ಬರೆದಿದ್ದೀಯ. ಅಷ್ಟು ಬೇಗ ಹಾಗೆ ತೀರ್ಮಾನಿಸಬೇಡ ಮಗಳೇ. ಎಲ್ಲರೂ ಕಳ್ಳರು ಅಂದುಬಿಟ್ಟರೆ ಮುಂದೆ ಯೋಚಿಸಲು ಏನೂ ಉಳಿಯುವುದಿಲ್ಲ.

2002ರಿಂದ 2008ರವರೆಗೆ ಬಂದ, ಅಮೆರಿಕದ ಬಾಲ್ಟಿಮೋರ್ ನಗರದ ಕಥೆಯ ಈ ಧಾರಾವಾಹಿಯನ್ನು ಕಟ್ಟಿದ ಡೇವಿಡ್ ಸೈಮನ್ ಬಾಲ್ಟಿಮೋರ್‌ನಲ್ಲೇ ಕ್ರೈಂ ವರದಿಗಾರರಾಗಿದ್ದವರು. ಜೊತೆಗಿದ್ದ ಎಡ್ ಬರ್ನ್ಸ್ ಅಲ್ಲಿ ಮೊದಲು ಪೊಲೀಸ್, ಆಮೇಲೆ ಮೇಷ್ಟ್ರು. ಕೊಲೆಗಾರ ಯಾರು ಅನ್ನುವುದಕ್ಕಿಂತ ಕಚೇರಿಗಳು ಹೇಗೆ ನಡೆಯುತ್ತವೆ ಅನ್ನುವುದೇ ಇದರಲ್ಲಿ ಜಾಸ್ತಿ. ನೀನೂ ಅದನ್ನೇ ಗಮನಿಸು. ಈ ಮನುಷ್ಯ ಯಾರಿಗೆ ಲೆಕ್ಕ ಒಪ್ಪಿಸಬೇಕು ಅಂತ ಪ್ರತಿ ಸಲವೂ ಕೇಳಿಕೊ.

ನಾಲ್ಕನೇ ಸೀಸನ್ ನೋಡಲೇಬೇಕು. ಊರ ತುಂಬ ಖಾಲಿ ಬಿದ್ದ ಮನೆಗಳು, ಬಾಗಿಲಿಗೆ ಹಲಗೆ ಹೊಡೆದಿರುತ್ತಾರೆ. ಒಂದು ಹಲಗೆಯ ಮೊಳೆ ಮಾತ್ರ ಬೇರೆ ಥರ. ಪತ್ತೇದಾರ ಲೆಸ್ಟರ್ ಫ್ರೀಮನ್ ಅಲ್ಲೇ ನಿಲ್ಲುತ್ತಾನೆ. ಒಳಗೆ ಹೆಣ ಇದೆ ಅಂತ ಅವನಿಗೆ ಗೊತ್ತಾಗಿಬಿಡುತ್ತದೆ. ಇಂಥ ಮನೆಗಳ ಬಾಗಿಲನ್ನೆಲ್ಲ ತೆಗೆಸಿ ನೋಡೋಣ ಅಂದರೆ ಸಾರ್ಜೆಂಟ್ ಒಪ್ಪುವುದಿಲ್ಲ. ವರ್ಷದ ಕೊನೆ, ಬಗೆಹರಿಯದ ಕೊಲೆಗಳು ಕಚೇರಿಯ ಲೆಕ್ಕದ ಬೋರ್ಡ್ ಮೇಲೆ ಇನ್ನಷ್ಟು ಏರುತ್ತವಲ್ಲ! ಅವನು ರಾಕ್ಷಸನಲ್ಲ ಅನು. ಮೇಲಿನವರು ಅವನನ್ನು ಕೇಳುವುದೇ ಸಂಖ್ಯೆ. ಪೊಲೀಸ್ ಕೆಲಸ ಬಿಟ್ಟು ಮೇಷ್ಟ್ರಾದ ಪ್ರೆಜ್‌ಗೆ ಶಾಲೆಯಲ್ಲೂ ಇದೇ ಕಾಣುತ್ತದೆ. ಮಕ್ಕಳಿಗೆ ಏನು ಬಂತು ಅನ್ನುವುದು ಮುಖ್ಯವಲ್ಲ, ಪರೀಕ್ಷೆಯ ಅಂಕ ಏರಿದರೆ ಸಾಕು.

ಮೇಯರ್ ಕಾರ್ಕೆಟಿಯನ್ನು ನೆನೆದರೆ ನನಗೆ ಈಗಲೂ ಸಂಕಟ. ಒಳ್ಳೆಯದು ಮಾಡುವ ಆಸೆ ಇಟ್ಟುಕೊಂಡೇ ಬಂದವನು. ಶಾಲೆಗಳ ಹಣದ ಕೊರತೆ ತುಂಬಲು ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ನೆರವು ಕೊಡಲು ಬಂದರೂ ಬೇಡ ಅನ್ನುತ್ತಾನೆ. ಮುಂದೆ ತಾನೇ ಗವರ್ನರ್ ಆಗಬೇಕು, ಆಗ ಈ ಕೈಚಾಚಿದ್ದು ಅಡ್ಡ ಬರುತ್ತದೆ ಅಂತ.

ಪೊಲೀಸ್ ಕಾರ್ವರ್ ನೆನಪಿದ್ದಾನಲ್ವಾ? ಮೊದಲ ಸೀಸನ್‌ನಲ್ಲಿ ತನ್ನ ತಂಡದ ಸುದ್ದಿಯನ್ನೇ ಮೇಲಿನವರಿಗೆ ಮುಟ್ಟಿಸುತ್ತಿದ್ದವನು. ನಾಲ್ಕನೆಯದರಲ್ಲಿ, ಪೊಲೀಸರ ಜೊತೆ ಮಾತಾಡಿದ್ದಕ್ಕೆ ರ‍್ಯಾಂಡಿ ಅನ್ನುವ ಹುಡುಗನ ಮನೆಗೆ ಬೆಂಕಿ ಹಚ್ಚುತ್ತಾರೆ. ಆ ಹುಡುಗನನ್ನು ನಾನೇ ಸಾಕುತ್ತೇನೆ ಅಂತ ಮಕ್ಕಳ ಕಲ್ಯಾಣದ ಕಚೇರಿಗೆ ಹೋಗುವವನು ಇದೇ ಕಾರ್ವರ್. ನಿಯಮ ಬಿಡುವುದಿಲ್ಲ, ತಿಂಗಳುಗಟ್ಟಲೆ ಆಗುತ್ತದೆ ಅನ್ನುತ್ತಾರೆ. ಅಷ್ಟನ್ನು ನೋಡಿ ಮುಗಿಸು. ಆಮೇಲೆ ಕಾರ್ವರ್‌ನನ್ನೂ ಕಳ್ಳ ಅನ್ನುತ್ತೀಯಾ ಅಂತ ನನಗೆ ಬರಿ.

ನಿನ್ನ ಚಿಕ್ಕಪ್ಪ