ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ: ಕನಿಷ್ಠ ವೇತನಕ್ಕೆ ವಲಯಗಳೇಕೆ?

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ಮಾನ್ಯರೇ,

ಕನಿಷ್ಠ ವೇತನ ಎಷ್ಟಿರಬೇಕೆಂದು ಕಾರ್ಮಿಕ ಸಂಘಟನೆಗಳಿಗೂ ಉದ್ಯಮಿಗಳಿಗೂ ಪ್ರತಿ ಪರಿಷ್ಕರಣೆಯ ವೇಳೆ ಜಗ್ಗಾಟ ನಡೆಯುತ್ತದೆ. ಆ ಗದ್ದಲದಲ್ಲಿ, ಒಂದೇ ಕೆಲಸಕ್ಕೆ ಊರಿಗೊಂದು ದರ ಏಕಿರಬೇಕು ಎಂಬ ಪ್ರಶ್ನೆ ಹೆಚ್ಚಾಗಿ ಕೇಳಿಸುವುದಿಲ್ಲ. ಈ ಪತ್ರ ಅದನ್ನು ಕುರಿತದ್ದು.

2025ರ ಏಪ್ರಿಲ್‌ನಲ್ಲಿ ತಮ್ಮ ಇಲಾಖೆ ಪ್ರಕಟಿಸಿದ ಕರಡು ಅಧಿಸೂಚನೆಯಲ್ಲಿ, ಕನಿಷ್ಠ ವೇತನಕ್ಕಾಗಿ ರಾಜ್ಯದ ಊರುಗಳನ್ನು ವಿಂಗಡಿಸುವ ವಲಯಗಳನ್ನು ಮೂರಕ್ಕೆ ಇಳಿಸಲಾಗಿತ್ತು. ಅಷ್ಟರಮಟ್ಟಿಗೆ ಅದು ಒಳ್ಳೆಯದೇ. ಆದರೆ ಅದೇ ಕರಡಿನಲ್ಲಿ ಕೌಶಲರಹಿತ ಕೆಲಸಗಾರರಿಗೆ ಒಂದನೆಯ ವಲಯದಲ್ಲಿ ತಿಂಗಳಿಗೆ ಸುಮಾರು 23,376 ರೂಪಾಯಿ, ಮೂರನೆಯ ವಲಯದಲ್ಲಿ ಸುಮಾರು 19,319 ರೂಪಾಯಿ ಎಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿರುವ ಹೆಣ್ಣುಮಗಳಿಗೂ ತಾಲ್ಲೂಕು ಊರಿನ ಗಾರ್ಮೆಂಟ್ಸ್‌ನಲ್ಲಿ ಅದೇ ಬ್ರ್ಯಾಂಡಿನ ಅಂಗಿಗೆ ದಾರ ಕತ್ತರಿಸುವವಳಿಗೂ ನಡುವೆ ವರ್ಷಕ್ಕೆ 48,000 ರೂಪಾಯಿಗೂ ಹೆಚ್ಚಿನ ಅಂತರವನ್ನು ಸರ್ಕಾರವೇ ಬರೆದಿಟ್ಟಂತಾಯಿತು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್‌ಗಾಗಲಿ, ಸೂಪರ್‌ವೈಸರನ ಬೈಗುಳಕ್ಕಾಗಲಿ ವಲಯದ ರಿಯಾಯಿತಿ ಇರುವುದಿಲ್ಲ.

ಹಳ್ಳಿಗಾಡಿನಲ್ಲಿ ಬದುಕು ಅಗ್ಗ ಎಂಬುದು ಇದಕ್ಕೆ ಕೊಡುವ ಸಮಜಾಯಿಷಿ. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಿದ ಅಂಶಗಳನ್ನು ಒಂದೊಂದಾಗಿ ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದು: ವಯಸ್ಕರೊಬ್ಬರಿಗೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಜೊತೆಗೆ ಇಂಧನ ಮತ್ತಿತರ ಖರ್ಚಿಗೆ ಒಟ್ಟು ವೇತನದ ಶೇ 20. ಇದರ ಮೇಲೆ, ಮಕ್ಕಳ ಓದು, ಚಿಕಿತ್ಸೆ, ಮದುವೆ, ಮುಪ್ಪಿನ ಖರ್ಚಿಗೆಂದು ಶೇ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಎಂಬ ಕಂಪನಿಯ ಪ್ರಕರಣದಲ್ಲಿ ಹೇಳಿತು. ಇವುಗಳಲ್ಲಿ ಊರಿನಿಂದ ಊರಿಗೆ ನಿಜವಾಗಿ ಎದ್ದು ಕಾಣುವಷ್ಟು ಬದಲಾಗುವುದು ಬಾಡಿಗೆ ಒಂದೇ. ತೊಗರಿಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರ್ ಮದ್ದೂರಿನಲ್ಲಿ ಬೆಂಗಳೂರಿಗಿಂತ ಹೇಳಿಕೊಳ್ಳುವಷ್ಟು ಅಗ್ಗವಾಗಿ ಸಿಗುವುದಿಲ್ಲ. ಚಿಕಿತ್ಸೆಯ ಮಾತಂತೂ ಉಲ್ಟಾ: ದೊಡ್ಡ ಕಾಯಿಲೆ ಬಂದರೆ ತಾಲ್ಲೂಕಿನವರು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು, ಹೋಗಿಬರುವ ಖರ್ಚು, ಜೊತೆಗೆ ಹೋದವರ ಕೂಲಿ ನಷ್ಟ ಎರಡನ್ನೂ ಹೊರಬೇಕು.

ಇನ್ನು ಉದ್ಯಮಿಗಳ ವಾದ. ದರ ಏರಿಸಿದರೆ ಕಾರ್ಖಾನೆಗಳು ಹೊರ ರಾಜ್ಯಕ್ಕೆ ಹೋಗುತ್ತವೆ, ಕೆಲಸ ಹೋಗುತ್ತದೆ ಎನ್ನುತ್ತಾರೆ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಫ್ತಿನ ಬೆಲೆಯನ್ನು ವಿದೇಶಿ ಬ್ರ್ಯಾಂಡ್‌ಗಳು ನಿರ್ಧರಿಸುತ್ತವೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಪೆಟ್ಟು ಬಿದ್ದದ್ದು ಇಲ್ಲಿನ ತಯಾರಕರಿಗೆ. ಆದರೆ ಇದೇ ಉದ್ಯಮಿಗಳು ಮತ್ತೊಂದು ವೇದಿಕೆಯಲ್ಲಿ, ಟೈಲರ್‌ಗಳು ಸಿಗುತ್ತಿಲ್ಲ, ಸೇರಿದವರು ನಿಲ್ಲುತ್ತಿಲ್ಲ ಎಂದು ಅಲವತ್ತುಕೊಳ್ಳುತ್ತಾರೆ. ಒಡಿಶಾ, ಜಾರ್ಖಂಡ್‌ಗಳಿಂದ ಯುವತಿಯರನ್ನು ಕರೆತಂದು ಹಾಸ್ಟೆಲ್‌ಗಳಲ್ಲಿ ಇರಿಸುತ್ತಾರೆ. ಆಳು ಸಿಗದಿರುವುದೂ ಸಂಬಳ ಏರಿದರೆ ಇರುವವರ ಕೆಲಸ ಹೋಗುವುದೂ ಒಂದೇ ಕಾರ್ಖಾನೆಯಲ್ಲಿ ಒಟ್ಟಿಗೆ ನಿಜವಾಗುವುದು ಹೇಗೆ?

ಉತ್ತರ ಅಷ್ಟೇನೂ ಗೂಢವಲ್ಲ. ಮನೆಗೆಲಸ, ಮಕ್ಕಳು, ಕತ್ತಲಾಗುವ ಮೊದಲು ಮನೆ ಸೇರಬೇಕೆಂಬ ಕಟ್ಟು ಇವೆಲ್ಲವುಗಳ ನಡುವೆ ಒಬ್ಬ ಹೆಣ್ಣುಮಗಳು ಹೋಗಬಹುದಾದ ದೂರದಲ್ಲಿ ಒಂದೋ ಎರಡೋ ಕಾರ್ಖಾನೆಗಳಿದ್ದರೆ, ಅವುಗಳ ಮಾಲೀಕರು ಹೇಳಿದ್ದೇ ಸಂಬಳ. ಅಂತಹ ಕಡೆ ಸಂಬಳ ಅವಳ ದುಡಿಮೆಯ ಬೆಲೆಗಿಂತ ಕೆಳಗೇ ಉಳಿಯುತ್ತದೆ. ಕಾನೂನು ಅದನ್ನು ಮೇಲೆತ್ತಿದರೆ ಮಾಲೀಕರ ಲಾಭ ಸ್ವಲ್ಪ ತಗ್ಗಬಹುದು, ಮನೆಯಲ್ಲೇ ಉಳಿದವರು ಕೆಲಸಕ್ಕೆ ಬರಲೂಬಹುದು. ಹಾಗೆ ನೋಡಿದರೆ ಕನಿಷ್ಠ ವೇತನದ ಅಗತ್ಯ ಬೆಂಗಳೂರಿಗಿಂತ ಮೂರನೆಯ ವಲಯಕ್ಕೇ ಹೆಚ್ಚು, ಆದರೆ ನಾವು ಅಲ್ಲಿಯೇ ಅದನ್ನು ಕಡಿಮೆ ಮಾಡಿದ್ದೇವೆ.

ಜರ್ಮನಿಯ ಅನುಭವ ಇಲ್ಲಿ ನೆನೆಯತಕ್ಕದ್ದು. 2015ರಲ್ಲಿ ಅಲ್ಲಿ ಗಂಟೆಗೆ 8.50 ಯೂರೊ ಕನಿಷ್ಠ ವೇತನ ಜಾರಿಗೆ ಬಂತು. ಸಂಬಳ ಬಹಳ ಕಡಿಮೆಯಿದ್ದ ಪೂರ್ವ ಭಾಗಕ್ಕೂ ಶ್ರೀಮಂತ ಪಶ್ಚಿಮಕ್ಕೂ ಒಂದೇ ದರ. ಲಕ್ಷಗಟ್ಟಲೆ ಉದ್ಯೋಗ ನಷ್ಟವಾಗುವುದೆಂದು ಹೆಸರಾಂತ ಅರ್ಥಶಾಸ್ತ್ರಜ್ಞರು ಎಚ್ಚರಿಸಿದ್ದರು. ಅಲ್ಪಾವಧಿಯ ಸಣ್ಣ ಕೆಲಸಗಳು ಕೆಲವು ಇಲ್ಲವಾದವು ನಿಜ, ಆದರೆ ಒಟ್ಟು ಉದ್ಯೋಗ ಕುಸಿಯಲಿಲ್ಲ. ಕಡಿಮೆ ಸಂಬಳದವರ ಗಳಿಕೆ ಏರಿತು, ಹಲವರು ಹೆಚ್ಚು ಉತ್ಪಾದಕ ಸಂಸ್ಥೆಗಳಿಗೆ ಹೋದರು. ಕರ್ನಾಟಕ ಜರ್ಮನಿಯಲ್ಲ ಎಂಬುದು ಗೊತ್ತಿದೆ. ಬಳ್ಳಾರಿಯ ಜೀನ್ಸ್ ಘಟಕಗಳಂತಹ, ಬೇರೆಯವರಿಗೆ ಹೊಲಿದುಕೊಡುವ ಸಣ್ಣ ಜಾಬ್‌ವರ್ಕ್ ವ್ಯವಹಾರಗಳಿಗೆ ಒಮ್ಮೆಲೇ ಏರಿದ ದರ ಭಾರವಾದೀತು. ಅವರಿಗೆ ಬಡ್ಡಿ, ವಿದ್ಯುತ್, ಪಿಎಫ್ ಪಾಲಿನಲ್ಲಿ ಸರ್ಕಾರ ನೆರವಾಗಲಿ. ಹೊರೆಯನ್ನು ಹೊಲಿಯುವವರ ಕೂಲಿಯಿಂದ ಮುರಿದುಕೊಳ್ಳುವುದು ಬೇಡ.

ಹಿಂದುಳಿದ ಪ್ರದೇಶಗಳಿಗೆ ಕಾರ್ಖಾನೆ ಬರಬೇಕಾದರೆ ಅಗ್ಗದ ಕೂಲಿ ಬೇಕು ಎಂಬ ಮಾತೂ ಇದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದ್ದು ಅಸಮತೋಲನ ನಿವಾರಣೆಗಾಗಿ. ಬೆಂಗಳೂರಿನಿಂದ ಹೊರಗೆ ಹೋಗುವ ಉದ್ಯಮಗಳಿಗೆ ಸರ್ಕಾರ ಸಹಾಯಧನವನ್ನು ಈಗಾಗಲೇ ಕೊಡುತ್ತಿದೆ. ಅದರ ಮೇಲೆ ಕೂಲಿಯಲ್ಲೂ ರಿಯಾಯಿತಿ ಕೊಟ್ಟರೆ, ಒಂದು ಕೈಯಲ್ಲಿ ಅಸಮಾನತೆ ಅಳಿಸುತ್ತ ಇನ್ನೊಂದು ಕೈಯಲ್ಲಿ ಅದನ್ನು ರಾಜ್ಯಪತ್ರದಲ್ಲಿ ಅಚ್ಚು ಹಾಕಿಸಿದಂತೆ.

ತುಟ್ಟಿಭತ್ಯೆಯ ವಿಷಯವನ್ನೂ ಹೇಳಲೇಬೇಕು. 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತಿಂಗಳಿಗೆ 417 ರೂಪಾಯಿಯನ್ನು ಸರ್ಕಾರ ಕೋವಿಡ್ ನೆಪದಲ್ಲಿ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟರೂ ಲಕ್ಷಾಂತರ ಗಾರ್ಮೆಂಟ್ಸ್ ಕಾರ್ಮಿಕರು ಆ ಬಾಕಿಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಅಧಿಸೂಚನೆ ಎಷ್ಟೇ ಚೆನ್ನಾಗಿದ್ದರೂ ಇಂತಹ ಒಂದು ಸುತ್ತೋಲೆ ಅದನ್ನು ಸವೆಸಿಬಿಡುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ವೇತನ ಸಂಹಿತೆಯು ದರ ನಿಗದಿಗೆ ಮುಖ್ಯವಾಗಿ ಕೌಶಲವನ್ನು ಅಥವಾ ಭೌಗೋಳಿಕ ಪ್ರದೇಶವನ್ನು ಅಥವಾ ಎರಡನ್ನೂ ಪರಿಗಣಿಸಬೇಕು ಎನ್ನುತ್ತದೆ. ವಲಯ ಮಾಡಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ; ಆಯ್ಕೆ ತಮ್ಮದು. ಆದ್ದರಿಂದ ಮುಂದಿನ ಅಧಿಸೂಚನೆಯಲ್ಲಿ ರಾಜ್ಯಕ್ಕೆಲ್ಲ ಒಂದೇ ದರ ಇರಲಿ. ಅದು ತಕ್ಷಣಕ್ಕೆ ಆಗದಿದ್ದರೆ ಅಂತರವನ್ನು ಬಾಡಿಗೆಯ ವ್ಯತ್ಯಾಸಕ್ಕಷ್ಟೇ ಸೀಮಿತಗೊಳಿಸಿ, ಅದರ ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ತುಟ್ಟಿಭತ್ಯೆಯನ್ನು ಮುಂದೂಡುವುದಿಲ್ಲ ಎಂಬ ಮಾತೂ ಅದೇ ಅಧಿಸೂಚನೆಯಲ್ಲಿ ಬರಲಿ.

ಇಂತಿ,
ತಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ನಾಗರಿಕ